ಅಮ್ಮನ ಮಂಚದ ಪಕ್ಕದ ತರಗತಿ

ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ನಾನು ಬಹಳ ವರ್ಷ ಮಾತು ಕಲಿಸುವ ಕೆಲಸ ಮಾಡಿದೆ. ಇಂಟರ್‌ವ್ಯೂಗೆ ಹೋಗುವವರು, ನಾಲ್ಕು ಜನರೆದುರು ನಿಂತರೆ ಬೆವರುವವರು ನನ್ನ ವಿದ್ಯಾರ್ಥಿಗಳು. ಕೆಲಸ ಇಷ್ಟವಿತ್ತು. ಆದರೆ ಯಾರಿಗೆ ಎಷ್ಟು ಹೊತ್ತು ಕಲಿಸಬೇಕು ಅನ್ನುವುದು ನನ್ನ ಕೈಲಿರಲಿಲ್ಲ. ಹುಡುಗಿಯೊಬ್ಬಳು ಕಷ್ಟಪಟ್ಟು ಬಾಯಿ ತೆರೆಯುವ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು, ಮುಂದಿನ ಬ್ಯಾಚ್ ಬಾಗಿಲಲ್ಲಿ ನಿಂತಿರುತ್ತಿತ್ತು.

ಸ್ವಂತವಾಗಿ ಕೋಚಿಂಗ್ ಶುರು ಮಾಡು ಎಂದು ಮೊದಲು ಹೇಳಿದ್ದು ಅಮ್ಮ. ಕಡಕೊಳದ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

“ಕಲಿಸೋಳು ನೀನು, ಬೆಲ್ ಹೊಡೆಯೋನು ನಿಮ್ ಮಾಲೀಕ. ಬುಟ್ಟಾಕು ಅತ್ಲಾಗೆ,” ಎನ್ನುತ್ತಿದ್ದಳು.

“ಮುಂದಿನ ವರ್ಷ ನೋಡೋಣ ಕಣಮ್ಮ,” ಎನ್ನುತ್ತಿದ್ದೆ ನಾನು. ಪ್ರತಿ ವರ್ಷವೂ ಅದನ್ನೇ ಹೇಳಿದೆ.

ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ಹಾಗೇ ಕುಸಿದಳು. ಸ್ಟ್ರೋಕ್. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಅವಳಲ್ಲಿ ಉಳಿದಿದ್ದು ಒಂದೇ ಪದ: “ಅಲ್ವಾ.” ನೀರು ಬೇಕಾದರೂ ಅಲ್ವಾ, ನೋವಾದರೂ ಅಲ್ವಾ, ಸಿಟ್ಟು ಬಂದರೂ ಅಲ್ವಾ. ಹೇಳಬೇಕಾದದ್ದೆಲ್ಲ ಒಳಗೆ ಇದೆ, ಹೊರಗೆ ಬರುವ ದಾರಿ ಮುಚ್ಚಿದೆ ಅಷ್ಟೆ ಎಂದು ಡಾಕ್ಟರು ನನಗೆ ವಿವರಿಸುತ್ತಿದ್ದಾಗ, ಮಲಗಿದ್ದ ಅಮ್ಮ ಹೌದು ಹೌದೆಂದು ತಲೆಯಾಡಿಸಿದಳು. ಅದನ್ನು ನೋಡಲಾಗದೆ ನಾನು ಕಾರಿಡಾರಿಗೆ ಬಂದು ನಿಂತೆ.

ದೀರ್ಘ ರಜೆ ಕೇಳಿದೆ. “ಬ್ಯಾಚ್ ಅರ್ಧಕ್ಕೆ ನಿಲ್ಲಿಸ್ಬುಟ್ರೆ ಪೇರೆಂಟ್ಸ್ ನನ್ನ ಸುಮ್ನೆ ಬುಡ್ತಾರಾ ಮೇಡಂ? ಮನೇಗೆ ಯಾರಾದ್ರೂ ಆಯಾ ನೋಡ್ಕೊಳ್ಳಿ,” ಎಂದರು ಮಾಲೀಕರು. ಕೆಟ್ಟ ಮನುಷ್ಯರೇನಲ್ಲ, ಅವರ ಕಷ್ಟ ಅವರಿಗೆ. ನಾನು ಕೆಲಸ ಬಿಟ್ಟೆ.

ಅಮ್ಮನ ಮಂಚವನ್ನು ಬೆಳಕು ಬರುವ ನಡುಮನೆಗೆ ಹಾಕಿಸಿದ್ದೆ. ಬೇರೆ ಜಾಗವಿಲ್ಲದೆ ತರಗತಿಯೂ ಅಲ್ಲೇ ಶುರುವಾಯಿತು. ಮೊದಲು ಒಬ್ಬರು ಬಂದರು, ಅವರು ಹೇಳಿ ಇನ್ನಿಬ್ಬರು. ಎಲ್ಲರಿಗೂ ಸಂಜೆಯ ಹೊತ್ತು ಕೊಟ್ಟೆ. ಹಗಲೆಲ್ಲ ಅಮ್ಮನದು. ಅವಸರವಿಲ್ಲದೆ ಅವಳ ತಲೆ ಬಾಚುತ್ತಿದ್ದೆ, ತಟ್ಟೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಯಾರಿಗಾದರೂ ಇನ್ನಷ್ಟು ಸಮಯ ಬೇಕೆನಿಸಿದರೆ ಕೊಡುತ್ತಿದ್ದೆ, ಮನಸ್ಸು ಸರಿಯಿಲ್ಲದ ದಿನ ಬಾಗಿಲು ಹಾಕುತ್ತಿದ್ದೆ. ಇಷ್ಟು ವರ್ಷ ಬಯಸಿದ್ದ ಬಿಡುಗಡೆ ಇದೇ. ಅಮ್ಮ ಬಿದ್ದದ್ದರಿಂದ ಅದು ನನಗೆ ಸಿಕ್ಕಿತು ಎಂಬುದನ್ನು ಮಾತ್ರ ಮರೆಯಲಾಗುತ್ತಿರಲಿಲ್ಲ.

ಊರಿಗೆಲ್ಲ ಮಾತು ಕಲಿಸುವವಳು ಅಮ್ಮನಿಗೆ ಕಲಿಸದಿರುತ್ತೇನೆಯೇ? ತುಟಿ ಹೇಗೆ ಮಾಡಬೇಕೆಂದು ತೋರಿಸಿ “ನೀರು” ಅನ್ನಿಸಲು ನೋಡಿದೆ. ಅವಳು ನನ್ನ ಬಾಯನ್ನೇ ದಿಟ್ಟಿಸಿ, ಮೈಯ ಬಲವನ್ನೆಲ್ಲ ಕೂಡಿಸಿ, “ಅಲ್ವಾ” ಎಂದಳು. ಎಷ್ಟೋ ವಾರ ಹೀಗೇ ನಡೆಯಿತು. ಕೊನೆಗೊಂದು ದಿನ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟಳು. ಅಂದಿನಿಂದ ನಾನು ಅವಳನ್ನು ತಿದ್ದುವುದನ್ನು ಬಿಟ್ಟೆ. ಆ ಒಂದು ಪದದ ಏರಿಳಿತವನ್ನೇ ಕಲಿತುಕೊಂಡೆ.

ಸಂಜೆ ಬರುವವರಲ್ಲಿ ಕಡಕೊಳದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಸೂಪರ್‌ವೈಸರ್ ಹುದ್ದೆಗೆ ಇಂಟರ್‌ವ್ಯೂ ಇತ್ತು. ನನ್ನೆದುರು ನಿಂತರೆ ಅವಳ ದನಿ ಅಡಗಿಹೋಗುತ್ತಿತ್ತು.

“ಅಮ್ಮೋರ ಮುಂದೆ ಏಳ್ಲಾ ಮೇಡಂ?” ಎಂದು ಒಂದು ದಿನ ಕೇಳಿದಳು. “ನೀವು ತೆಪ್ಪು ಇಡೀತೀರ ಅಂತ ಎದ್ರಿಕೆ ಆಯ್ತದೆ.”

ಆಗಲಿ ಎಂದೆ. ಅವಳು ಮಂಚದ ಮುಂದೆ ನಿಂತು ತನ್ನ ಕೆಲಸದ ಬಗ್ಗೆ ಹೇಳತೊಡಗಿದಳು. ಅಮ್ಮ ಎಡಗೈಯೆತ್ತಿ, ಜೋರಾಗಿ ಎಂದು ಸನ್ನೆ ಮಾಡಿದಳು, ಹಿಂದಿನ ಬೆಂಚಿನ ಮಕ್ಕಳಿಗೆ ಮಾಡುತ್ತಿದ್ದ ಹಾಗೆ. ಅವಳು ದನಿಯೇರಿಸಿದಳು. ಮುಗಿದಾಗ ಅಮ್ಮ “ಅಲ್ವಾ!” ಎಂದಳು. ಶಭಾಷ್ ಎನ್ನುವುದು ಅದರಲ್ಲಿ ಪೂರ್ತಿ ಕೇಳಿಸಿತು. ಆಮೇಲೆ ಎಲ್ಲರೂ ಅಮ್ಮನೆದುರೇ ನಿಂತು ಮಾತಾಡತೊಡಗಿದರು. ಸಂಜೆಯಾದರೆ ಅಮ್ಮ ತಾನೇ ಸೆರಗು ಸರಿಮಾಡಿಕೊಂಡು ಬಾಗಿಲು ನೋಡುತ್ತಿದ್ದಳು.

ಎರಡನೆಯ ಸ್ಟ್ರೋಕ್ ಆ ಒಂದು ಪದವನ್ನೂ ಒಯ್ದಿತು. ಅಮ್ಮ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಆ ಹೆಂಗಸು ಬಂದಳು. ಹುದ್ದೆ ಸಿಕ್ಕಿತ್ತು. ಅಮ್ಮನ ಕಿವಿಯ ಹತ್ತಿರ ಬಗ್ಗಿ, “ಅಮ್ಮೋರೇ, ನಾನು ಎದರ್ನಿಲ್ಲ ಕಣಮ್ಮ, ಎಲ್ಲಾ ಏಳ್ಬುಟ್ಟು ಬಂದೆ,” ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಕಾದೆವು. ಮಾರನೆಯ ದಿನ ಅಮ್ಮ ಹೋದಳು.

ತಿಥಿ ಮುಗಿದ ಮೇಲೆ ಹಳೆಯ ಮಾಲೀಕರು ಮಾತಾಡಿಸಲು ಬಂದರು. “ಈಗ ಮನೇಲಿ ನೋಡ್ಕೊಳ್ಳೋ ಅಂಥದ್ದೇನೂ ಇಲ್ವಲ್ಲ. ವಾಪಸ್ ಬಂದ್ಬುಡಿ,” ಎಂದರು. ಇಲ್ಲ ಸರ್, ಇಲ್ಲೇ ಇರುತ್ತೇನೆ ಎಂದೆ. ಕಾಫಿ ಕುಡಿದು ಹೊರಟರು.

ತರಗತಿ ಮತ್ತೆ ಶುರುವಾಗಿದೆ. ದೂರದ ಗೋಕುಲಂನಿಂದಲೂ ಇಬ್ಬರು ಬರುತ್ತಾರೆ. ಹಗಲು ಈಗ ಪೂರ್ತಿ ನನ್ನದೇ, ಎಲ್ಲಿಗೆ ಬೇಕಾದರೂ ಹೋಗಬಹುದು, ಸುಮ್ಮನೆ ಮಲಗಿಯೂ ಇರಬಹುದು. ಒಂದಷ್ಟು ದಿನ ಹಾಗೆ ಮಾಡಿ ನೋಡಿದೆ. ಆಮೇಲೆ ಮಧ್ಯಾಹ್ನಕ್ಕೂ ಒಂದು ಬ್ಯಾಚ್ ತೆಗೆದುಕೊಂಡೆ.