ಟಾಕಿಯ ನೀರು, ಗೋಡೆಯಾಚೆಯ ಜ್ವರ

‘ನೀರು ಚೆಲ್ಲಿಬಿಡು’ ಅಂದೆ. ಹೊಲ ಮಾರಿಬಿಡು ಅಂದವನನ್ನು ನೋಡುವಂತೆ ಅಕ್ಕ ನನ್ನನ್ನು ನೋಡಿದಳು.

ಅವಳದೇನೂ ತಪ್ಪಿಲ್ಲ. ಬಿಳೂರಿನ ಅವಳ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ (ಬಂದರೆ). ಹಾಗಾಗಿ ಅಂಗಳದಲ್ಲಿ ಪ್ಲಾಸ್ಟಿಕ್ ಬ್ಯಾರಲ್‌ಗಳು, ಹಿತ್ತಲಲ್ಲಿ ಸಿಮೆಂಟಿನ ಟಾಕಿ. ಇದ್ದ ನೀರು ತೀರುವ ಮೊದಲೇ ಅದರ ಮೇಲೆ ಹೊಸ ನೀರು. ಟಾಕಿಯ ತಳ ಕಂಡವರು ಯಾರು?

ವಿಷಯಕ್ಕೆ ಬರುತ್ತೇನೆ. ಅಕ್ಕನ ಸೊಸೆ ಸುಜಾತಾ ಬಸುರಿ. ಕಳೆದ ತಿಂಗಳು ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಜತ್ತದ ದವಾಖಾನೆಯಲ್ಲಿ ರಕ್ತ ನೋಡಿ ಡೆಂಗ್ಯೂ ಅಂದರು. ಪ್ಲೇಟ್‌ಲೆಟ್ ಇಳಿಯುತ್ತಿದೆ, ಇಲ್ಲೇ ಇರಲಿ ಅಂದರು. ಅವಳ ಗಂಡ ಅಲ್ಲಿ ಉಳಿದ. ಅಕ್ಕನನ್ನು ಮನೆಗೆ ಕರೆದೊಯ್ದು ಸೊಳ್ಳೆಯ ಮೂಲ ಹುಡುಕುವ ಕೆಲಸ ನನಗೆ ಬಿತ್ತು. ಈ ಸೊಳ್ಳೆ ಹುಟ್ಟುವುದು ಗಟಾರದಲ್ಲಲ್ಲ, ಮುಚ್ಚದೆ ಬಿಟ್ಟ ಚೊಕ್ಕ ನೀರಿನಲ್ಲಿ. ಕಚ್ಚುವುದು ಹಗಲಿನಲ್ಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಟಾಕಿಯೊಳಗೆ ಮೊಬೈಲ್ ಟಾರ್ಚ್ ಹಿಡಿದೆ. ಕೂದಲೆಳೆಯಂಥ ಹುಳಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಬೆಳಕು ಬಿದ್ದೊಡನೆ ಕುಣಿಯುತ್ತ ತಳಕ್ಕಿಳಿದವು. ಅಕ್ಕ ಬಗ್ಗಿ ನೋಡಿದಳು.

“ಇದನ್ನ ಕಟ್ಕೊಂಡ ನಾ ಅಕಿನ್ನ ಮನ್ಯಾಗ ಕುಂದ್ರಿಸಿದ್ನೆಲ್ಲೋ ತಮ್ಮಾ” ಅಂದಳು. ಮೆಲ್ಲಗೆ.

ನೀರು ಚೆಲ್ಲಲಿಲ್ಲ. ಹಳೆಯ ಸೀರೆ ಮಡಿಚಿ ಸೋಸಿದೆವು. ಸೀರೆಯಲ್ಲಿ ಉಳಿದದ್ದನ್ನು ಬಿಸಿಲಿನ ಮಣ್ಣಿಗೆ ಕೊಡವಿದೆವು. ಬ್ಯಾರಲ್ ಮತ್ತು ಟಾಕಿಯ ಒಳಮೈ ತಿಕ್ಕಿದೆವು (ತತ್ತಿಗಳು ಅಲ್ಲೇ ಅಂಟಿಕೊಂಡಿರುತ್ತವಂತೆ). ತಳದ ರಾಡಿ ಬೇವಿನ ಗಿಡಕ್ಕೆ ಹೋಯಿತು. ಎಲ್ಲದರ ಬಾಯಿಗೂ ಬಟ್ಟೆ ಬಿಗಿದೆವು. ಕೆಲಸ ಮುಗಿಯಿತೇ?

ಗೋಡೆಯಾಚೆ ಗಂಗವ್ವನ ಟಾಕಿ ಬಾಯ್ತೆರೆದು ಕೂತಿತ್ತು. ಆ ಗೋಡೆ ಕಟ್ಟಿದಾಗಿನಿಂದ ಎರಡೂ ಮನೆಗಳ ನಡುವೆ ಮಾತಿಲ್ಲ. ಗೋಡೆ ನಮ್ಮ ಜಾಗಕ್ಕೆ ಬಂದಿದೆ ಎಂದು ಇವಳು, ನಮ್ಮದಕ್ಕೆ ಬಂದಿದೆ ಎಂದು ಅವಳು. ಸೊಳ್ಳೆಗೆ ಈ ತಕರಾರನ್ನು ಯಾರೂ ತಿಳಿಸಿರಲಿಲ್ಲ.

ನಾನು ಹೋಗಿ ಹೇಳುತ್ತೇನೆ ಅಂದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ತಾನೇ ಹೊರಟಳು. ಹಿಂದೆ ನಾನು.

ಗಂಗವ್ವ ಬಾಗಿಲಿಗೆ ಅಡ್ಡ ನಿಂತಳು. ಇನ್ನು ಶುರುವಾಯಿತು ಅಂದುಕೊಂಡೆ. ಸೊಸೆ ದವಾಖಾನೆಯಲ್ಲಿದ್ದಾಳೆ, ನಮ್ಮ ಟಾಕಿಯಲ್ಲಿ ಹುಳ ಸಿಕ್ಕವು, ನಿಮ್ಮದೂ ಒಮ್ಮೆ ನೋಡಿಕೊಳ್ಳಿ ಎಂದಷ್ಟೇ ಅಕ್ಕ ಹೇಳಿದಳು. ‘ನಿಮ್ಮಿಂದಲೇ ಬಂತು’ ಅನ್ನಲಿಲ್ಲ.

ಗಂಗವ್ವ ಬಾಗಿಲಿನಿಂದ ಸರಿದಳು. “ಒಳಗ ಬರ್ರಿ, ಕುಂದ್ರಿ. ನಮ್ಮ ಮೊಮ್ಮಗಳಿಗೂ ಇದ ಆಗಿತ್ರಿ. ಮಿರಜಿಗೆ ಒಯ್ದಿದ್ವಿ. ಮೊನ್ನೆ ಕರ್ಕೊಂಡ ಬಂದೀವಿ.”

ಒಳಗೆ ಹುಡುಗಿ ಕೌದಿ ಹೊದ್ದು ಮಲಗಿದ್ದಳು. ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು.

ಮಗುವೊಂದು ಜ್ವರದಿಂದ ಮಿರಜಕ್ಕೆ ಹೋಗಿ ತಿರುಗಿ ಬಂದರೂ ಪಕ್ಕದ ಮನೆಗೆ ಸುದ್ದಿಯಿಲ್ಲ. ಗೊತ್ತಿದ್ದರೆ ಅಕ್ಕ ಆಗಲೇ ಟಾಕಿ ನೋಡುತ್ತಿದ್ದಳು. ಸೊಸೆಗೆ ಹಗಲಲ್ಲೂ ಸೊಳ್ಳೆಪರದೆ ಕಟ್ಟುತ್ತಿದ್ದಳು.

ಸುಜಾತಾ ಗುಣವಾಗಿ ಮನೆಗೆ ಬಂದಿದ್ದಾಳೆ. ಹೊಟ್ಟೆಯಲ್ಲಿನ ಕೂಸೂ ಆರಾಮ. ಗೋಡೆಯ ತಕರಾರು ಹಾಗೇ ಇದೆ (ಇಬ್ಬರೂ ಬಿಟ್ಟುಕೊಡುವವರಲ್ಲ). ಆದರೆ ನಳ ಬರುವ ದಿನ ಮುಂಜಾನೆ ಆ ಕಡೆಯಿಂದಲೋ ಈ ಕಡೆಯಿಂದಲೋ ಒಂದು ಪ್ರಶ್ನೆ ಬರುತ್ತದೆ: “ಟಾಕಿ ತಿಕ್ಕಿದ್ರೇನ್ರಿ?” ಕೇಳಿದವರು ಉತ್ತರ ಬರುವವರೆಗೆ ಅಲ್ಲೇ ನಿಂತಿರುತ್ತಾರೆ.

ನೀರು ಮುಚ್ಚಿಡಿ, ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ಆದರೆ ನಿಮ್ಮ ಪಕ್ಕದ ಮನೆಯಲ್ಲಿ ಈ ವಾರ ಯಾರಿಗೆ ಜ್ವರ ಬಂದಿದೆ, ಗೊತ್ತೇ?