ಕೊನೆಯವನು ಗೇಟು ಹಾಕಬೇಕು

ಫ್ರೆಂಡ್ಸ್, ಇವತ್ತು ಸಿಯೆರಾ ಬೆಟ್ಟಗಳ ಕಣಿವೆಯಲ್ಲಿ ಬೈಸಿಕೊಂಡು ಬಂದೆ.

ಜಲ್ಲಿ ದಾರಿಯಲ್ಲಿ ಸೈಕಲ್ ಹೊಡೆಯುವ ಕ್ಯಾಲಿಫೋರ್ನಿಯಾದ ನಮ್ಮ ಡಬ್ಲಿನ್ನಿನ ನಾಲ್ವರಲ್ಲಿ ಒಂದು ನಿಯಮವಿದೆ. ದನ ಮೇಯುವ ಜಾಗದ ಗೇಟನ್ನು ಮುಂದಿರುವವನು ತೆಗೆಯಬೇಕು, ಕೊನೆಯವನು ಹಾಕಬೇಕು. ಆರು ವರ್ಷದಿಂದ ಮುಂದಿರುವವನು ನಾನೇ.

ಬೆಳಿಗ್ಗೆ ಮೂವರಿಂದಲೂ ಮೆಸೇಜು ಬಂತು. "ಸಾರಿ ಗುರು, ಮಗಳ ಸಾಕರ್ ಮ್ಯಾಚು." "ಮಂಡಿ ನೋವು ಕಣೋ." ಮೂರನೆಯವನದು ಬರೀ ಕೈಮುಗಿಯುವ ಇಮೋಜಿ. ಒಬ್ಬನೇ ಮೂರು ಗಂಟೆ ಕಾರು ಓಡಿಸಿಕೊಂಡು ಹೋದೆ.

ಅಲ್ಲಿ ಸೈಕಲ್ ಇಳಿಸಿ ಹತ್ತಿ, ಹುಲ್ಲುಗಾವಲು ದಾಟಿ, ಗೇಟು ತೆಗೆದು, ಎಂದಿನಂತೆ ಹಾಗೇ ಮುಂದೆ ಹೋದೆ. ಅರ್ಧ ಮೈಲಿಯಾಚೆ ಆ ದನಗಳ ಒಡತಿ ಪಿಕಪ್ ಟ್ರಕ್ಕನ್ನು ಅಡ್ಡ ನಿಲ್ಲಿಸಿದಳು.

"ಗೇಟು ಹಾಗೇ ಬಿಟ್ಟು ಬಂದಿದ್ದೀರಲ್ಲ?" ಎಂದು ಇಂಗ್ಲಿಷಿನಲ್ಲಿ ಗದರಿದಳು.

"ಕೊನೆಯವನು ಹಾಕ್ತಾನೆ ಮೇಡಂ," ಎಂದೆ. ಬಾಯಿಗೆ ಅದೇ ಬಂತು.

ಆಕೆ ನನ್ನ ಹಿಂದಿನ ಖಾಲಿ ದಾರಿಯನ್ನು ಒಮ್ಮೆ ನೋಡಿದಳು. "ಎಲ್ಲಿ ಅವನು?"

"ನಾನೇ," ಎನ್ನಬೇಕಾಯಿತು.

ವಾಪಸು ತಿರುಗಿದರೆ, ಒಂದು ಕರು ಗೇಟು ದಾಟಿ ನನ್ನ ಚಕ್ರದ ಜಾಡು ಹಿಡಿದು ಬರುತ್ತಿತ್ತು. ಇವತ್ತು ನನ್ನ ಹಿಂದೆ ಬಂದದ್ದು ಅದೊಂದೇ. ಅದನ್ನೂ ಒಳಗೆ ಅಟ್ಟಿ ಗೇಟು ಹಾಕಿದೆ.