ಸಮುದ್ರದ ಕಲ್ಲು ಕುದಿಸಿದ ದಿನ

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಮೀನಿನ ತೊಟ್ಟಿಯನ್ನು ಉಪ್ಪುನೀರಿನದು ಮಾಡಬೇಕೆಂದು ಹಟ ಹಿಡಿದಳು. ಎರಡಡಿ ಉದ್ದದ ಗಾಜಿನ ತೊಟ್ಟಿ, ಹಜಾರದಲ್ಲಿ ಟೀವಿಯ ಪಕ್ಕಕ್ಕಿತ್ತು. ಅದರಲ್ಲಿ ನಾಲ್ಕು ಗೋಲ್ಡ್ ಫಿಶ್. ಅವುಗಳ ಜಾಗದಲ್ಲಿ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನು ಬರಬೇಕು ಎಂಬುದು ಅವಳ ಆಸೆ.

"ಸಮುದ್ರದ ಮೀನು ಶಿಡ್ಲಘಟ್ಟದಲ್ಲಿ ಬದುಕ್ತದೇನಮ್ಮ? ಇಲ್ಲಿ ಮನುಷ್ಯರಿಗೇ ನೀರು ಸಾಲಲ್ಲ" ಎಂದೆ.

"ಸಮುದ್ರದ ನೀರು ನಾವೇ ಮಾಡೋದು ಅಬ್ಬಾ. ಫಿಲ್ಟರ್ ನೀರಿನ ಕ್ಯಾನ್ ತಂದು ಅದಕ್ಕೆ ಉಪ್ಪು ಕಲಸೋದು. ಅಡುಗೆ ಉಪ್ಪಲ್ಲ, ಅದಕ್ಕೇ ಅಂತ ಬೇರೆ ಉಪ್ಪು ಬರ್ತದೆ."

ನಾವು ಮನೆಯಲ್ಲಿ ಆಡುವುದು ಉರ್ದು. ಬರೆಯಲು ನನಗೆ ಒಗ್ಗಿರುವುದು ಶಾಲೆಯಲ್ಲಿ ಕಲಿತ ಕನ್ನಡ, ಹಾಗಾಗಿ ಎಲ್ಲರ ಮಾತನ್ನೂ ಇದರಲ್ಲೇ ಹೇಳುತ್ತಿದ್ದೇನೆ.

ನನ್ನದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಸಣ್ಣ ಘಟಕ. ನಮ್ಮ ತಂದೆ ಶುರು ಮಾಡಿದ್ದು. ಮೀನಿಗೆ ಅಂತ ದೊಡ್ಡ ಖರ್ಚು ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅದು ಮಗಳಿಗೂ ಗೊತ್ತಿತ್ತು. ಹಳೇ ತೊಟ್ಟಿ, ಹಳೇ ಪಂಪು ಸಾಕು ಎಂದಳು. ಹೀಟರನ್ನು ಯಾರೋ ಬಳಸಿ ಬಿಟ್ಟದ್ದನ್ನೇ ಹುಡುಕಿದಳು. ತಳದಲ್ಲಿದ್ದ ಬಣ್ಣದ ಕಲ್ಲುಗಳನ್ನು ತಾನೇ ಬಾಚಿ ತೆಗೆದಳು. ಗೋಲ್ಡ್ ಫಿಶ್‌ಗಳು ಎದುರು ಮನೆಯಲ್ಲಿದ್ದ ನನ್ನ ಅಕ್ಕನ ಸಿಮೆಂಟ್ ತೊಟ್ಟಿಗೆ ಹೋದವು. ಅಕ್ಕನನ್ನು ನಾವೆಲ್ಲ ಆಪಾ ಅನ್ನುತ್ತೇವೆ. ಇನ್ನು ಉಳಿದದ್ದು ಸಮುದ್ರದ ಕಲ್ಲು. ಆ ಕಲ್ಲಿನ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವಂತೆ, ಮೀನಿನ ಹೊಲಸನ್ನು ತಿಂದು ನೀರನ್ನು ಚೊಕ್ಕಟ ಮಾಡುವುದು ಅವೇ ಅಂತೆ. ಅಂಗಡಿಯಲ್ಲಿ ಅದರ ಬೆಲೆ ಕೇಳಿ ನಾನು ಫೋನ್ ಇಟ್ಟುಬಿಟ್ಟೆ.

ಬೆಂಗಳೂರಿನಲ್ಲಿ ಒಬ್ಬರು ಮನೆ ಬದಲಾಯಿಸುತ್ತಾ ತಮ್ಮ ತೊಟ್ಟಿ ಖಾಲಿ ಮಾಡುತ್ತಿದ್ದರು. ಕಲ್ಲನ್ನು ಸುಮ್ಮನೆ ಕೊಡುತ್ತೇನೆ, ಬಂದು ಒಯ್ಯಿರಿ ಅಂದರು. ಶನಿವಾರ ಗೂಡು ಸಾಗಿಸುವ ವ್ಯಾನ್‌ನಲ್ಲೇ ಹೋಗಿ ಎರಡು ಬಕೆಟ್ ತಂದೆ. ಕಲ್ಲುಗಳ ಮೇಲೆ ಅಲ್ಲಲ್ಲಿ ಕಂದು ಬಣ್ಣದ, ಅಂಗಿಯ ಗುಂಡಿಯಂಥವು ಒತ್ತೊತ್ತಾಗಿ ಬೆಳೆದಿದ್ದವು. "ಅದು ಕಳೆ ಇದ್ದಂಗೆ. ಬೇಡ ಅಂದ್ರೆ ಕೆರೆದು ಹಾಕಿ" ಎಂದರು ಆತ. ಒಳ್ಳೆಯ ಮನುಷ್ಯ. ಅವರಿಗೂ ಹೆಚ್ಚು ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳು ಟ್ಯೂಷನ್‌ಗೆ ಹೋಗಿದ್ದಳು. ನನ್ನ ಹೆಂಡತಿ ಬಕೆಟ್ ಸರಿಸಲು ಹೋದವಳು ಕಿರುಚಿಕೊಂಡಳು. ಕಲ್ಲಿನ ಸಂದಿಯಿಂದ ಒಂದು ಗೇಣುದ್ದದ ಹುಳ ಹೊರಬಂದಿತ್ತು. ಜರಿಹುಳದ ಹಾಗೆ ಕಾಲು, ಮೈಯೆಲ್ಲಾ ಮುಳ್ಳು ಕೂದಲು.

"ಇದನ್ನ ಹಿಂಗೇ ತೊಟ್ಟಿಗೆ ಹಾಕ್ತೀರಾ? ಹಂಗಾದ್ರೆ ನಾನು ಈ ಮನೇಲಿ ಇರಲ್ಲ" ಎಂದಳು.

ಹುಳ ನೋಡಿ ನನಗೂ ಮೈ ಜುಂ ಅಂದಿತ್ತು. ಕುದಿಸಬೇಡಿ, ಕುದಿಸಿದರೆ ಒಳ್ಳೆಯ ಜೀವಿಗಳೂ ಸಾಯುತ್ತವೆ ಎಂದು ಮಗಳು ಹಿಂದಿನ ದಿನವೇ ಹೇಳಿದ್ದಳು. ಆದರೆ ನಾನು ಹುಟ್ಟಿದಂದಿನಿಂದ ಕುದಿಯುವ ನೀರಿನ ಪಕ್ಕದಲ್ಲೇ ಬೆಳೆದವನು. ಗೂಡು ಬೇಯಿಸುವುದು, ಹುಳ ಸಾಯುವುದು, ನೂಲು ಬಿಚ್ಚುವುದು, ಇದೇ ನಮ್ಮ ಕಸುಬು. ಬಿರಿಯಾನಿಯ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿಸಿ, ಗುಂಡಿಗಳ ಸಮೇತ ಕಲ್ಲುಗಳನ್ನು ಹಾಕಿ, ಅಡುಗೆಮನೆಯ ಒಲೆಯ ಮೇಲಿಟ್ಟೆ. ಕುದಿ ಬಂದ ಮೇಲೆ ಐದು ನಿಮಿಷ ನಿಂತು ನೋಡಿದೆ. ನೊರೆ ಎದ್ದಿತು, ಹಸಿ ಮೀನಿನಂಥ ವಾಸನೆ ಬಂತು. ಸಣ್ಣ ಉರಿಯಲ್ಲಿ ಬಿಡು ಎಂದು ಹೆಂಡತಿಗೆ ಹೇಳಿ ಘಟಕಕ್ಕೆ ಹೋದೆ. ಅಲ್ಲಿ ಮೋಟರು ಕೆಟ್ಟಿತ್ತು. ದಾರಿಯಲ್ಲಿ ಬಾಯೊಳಗೆ ಕಬ್ಬಿಣ ನೆಕ್ಕಿದಂಥ ರುಚಿ. ಗಂಟಲು ಕೆರೆಯುತ್ತಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಮನೆಗೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಹೆಂಡತಿ ಹಜಾರದ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಆ ಬಿಸಿಲಿನಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ಮಗಳು ಟ್ಯೂಷನ್‌ನಿಂದ ಬಂದು ಯೂನಿಫಾರ್ಮ್ ಇಸ್ತ್ರಿ ಮಾಡಲು ಅಡುಗೆಮನೆಯ ಪಕ್ಕದಲ್ಲೇ ನಿಂತಿದ್ದಳಂತೆ. ಈಗ ಸೋಫಾದ ಮೇಲೆ ಮುದುಡಿಕೊಂಡು ಒಂದೇ ಸಮ ಕೆಮ್ಮುತ್ತಿದ್ದಳು.

"ಅಬ್ಬಾ, ದಾದಿ" ಎಂದು ಒಳಕೋಣೆಯ ಕಡೆ ಕೈ ತೋರಿಸಿದಳು.

ಅವಳ ದಾದಿ, ಅಂದರೆ ನನ್ನ ತಾಯಿ ಅಮ್ಮಿಗೆ ಮೊದಲೇ ಉಬ್ಬಸ. ಇಪ್ಪತ್ತು ವರ್ಷ ಗೂಡು ಬೇಯಿಸುವ ಹಬೆಯಲ್ಲಿ ದುಡಿದ ಎದೆ ಅದು. ಮಂಚದ ಅಂಚಿಗೆ ಕೂತು ಎರಡೂ ಕೈಯನ್ನು ಮೊಣಕಾಲಿಗೆ ಊರಿ ಉಸಿರು ಎಳೆಯುತ್ತಿದ್ದರು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಹೊಡೆದುಕೊಳ್ಳುವ ಪಂಪು ಹಾಸಿಗೆ ಮೇಲೆ ಬಿದ್ದಿತ್ತು. ಖಾಲಿಯಾಗುವವರೆಗೂ ಹೊಡೆದುಕೊಂಡಿದ್ದರು.

ಗ್ಯಾಸ್ ಸೋರಿದೆ ಎಂದುಕೊಂಡೆ. ಮೂಗು ಮುಚ್ಚಿಕೊಂಡು ಅಡುಗೆಮನೆಗೆ ಓಡಿದೆ. ಸೋರಿಕೆ ಇರಲಿಲ್ಲ. ಒಲೆ ಸಣ್ಣಗೆ ಉರಿಯುತ್ತಲೇ ಇತ್ತು, ಪಾತ್ರೆಯ ನೀರು ಅರ್ಧಕ್ಕಿಳಿದಿತ್ತು. ಒಲೆ ಆರಿಸಿ ಓಡಿಬಂದು, ಮೂವರನ್ನೂ ವ್ಯಾನಿಗೆ ಹತ್ತಿಸಿ, ಮನೆ ಕಡೆ ನೋಡ್ಕೋ ಎಂದು ಆಪಾಗೆ ಕೂಗಿ ಹೇಳಿ ಚಿಕ್ಕಬಳ್ಳಾಪುರದ ಕಡೆ ಹೊರಟೆ.

ಅಷ್ಟು ವರ್ಷ ಓಡಾಡಿದ ರಸ್ತೆ ಅದು. ಆವತ್ತು ಮುಗಿಯಲೇ ಇಲ್ಲ. ಟೊಮೇಟೊ ಕ್ರೇಟು ತುಂಬಿದ ಟ್ರ್ಯಾಕ್ಟರ್ ಒಂದು ನನ್ನ ಮುಂದೆ ಆರಾಮಾಗಿ ಹೋಗುತ್ತಿತ್ತು. ನಾನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಹಿಂದಿನಿಂದ ಅಮ್ಮಿಯ ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು. ಸಿಳ್ಳೆ ನಿಂತಾಗಲೆಲ್ಲ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಮತ್ತೆ ಕೇಳಿದರೆ ಅಷ್ಟೇ ಭಯವಾಗುತ್ತಿತ್ತು. ನನಗೂ ಚಳಿ ಹತ್ತಿತ್ತು, ಸ್ಟೇರಿಂಗ್ ಹಿಡಿದ ಬೆರಳು ಜೋಮು ಹಿಡಿದಿದ್ದವು. ನಾನೂ ಬಿದ್ದರೆ ಈ ಮೂವರನ್ನು ಯಾರು ಇಳಿಸುತ್ತಾರೆ ಎಂಬುದೊಂದೇ ಯೋಚನೆ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂವರಿಗೂ ಆಕ್ಸಿಜನ್ ಹಾಕಿಸಿ ನನ್ನ ಹತ್ತಿರ ಬಂದರು.

"ಮನೇಲಿ ಏನಾದ್ರೂ ಔಷಧಿ ಹೊಡೆದ್ರಾ? ಪ್ಲಾಸ್ಟಿಕ್ ಸುಟ್ರಾ? ಎಲ್ಲರೂ ಏನು ತಿಂದ್ರಿ?"

"ಏನಿಲ್ಲ ಮೇಡಂ. ಅನ್ನ, ಸಾರು" ಎಂದೆ.

ಕಲ್ಲಿನ ನೆನಪು ನನಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು. ಕಲ್ಲು ಕುದಿಸಿದರೆ ಯಾರಾದರೂ ಸಾಯುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ನಗುತ್ತಾರೆ ಅನ್ನಿಸಿತು. ಅದರ ಅಡಿಯಲ್ಲಿ ಇನ್ನೊಂದು ಹೆದರಿಕೆಯೂ ಇತ್ತು. ಅದೇ ಕಾರಣವಾಗಿದ್ದರೆ ಮಾಡಿದವನು ನಾನು. ಹಾಗೆ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಆ ಅರ್ಧ ಗಂಟೆಯಲ್ಲಿ ಅಮ್ಮಿಯ ಬಿ.ಪಿ. ಇಳಿಯುತ್ತಾ ಹೋಯಿತು.

ಮಗಳು ಮಂಚದಿಂದಲೇ ಮಾಸ್ಕ್ ಸರಿಸಿ ಡಾಕ್ಟರನ್ನು ಕರೆದಳು. ಅವಳ ಕೈಯಲ್ಲಿ ಫೋನಿತ್ತು.

"ಮೇಡಂ, ಅಬ್ಬಾ ಸಮುದ್ರದ ಕಲ್ಲು ಕುದಿಸಿದ್ರು. ಅದ್ರ ಮೇಲೆ ಹವಳದ ಜಾತೀದು ಇತ್ತು. ಇದೇ, ನೋಡಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಕಲ್ಲು ಕುದಿಸಿದ್ರಾ? ಯಾಕೆ?"

"ಹುಳ ಇತ್ತು ಮೇಡಂ."

ಅವರು ನಗಲಿಲ್ಲ. ಮಗಳ ಫೋನಿನಲ್ಲಿದ್ದುದನ್ನು ನಿಂತಲ್ಲೇ ಓದಿದರು. ಓದುತ್ತಾ ಅವರ ಮುಖ ಬದಲಾಯಿತು. ಹೊರಗೆ ಹೋಗಿ ಬೆಂಗಳೂರಿನ ಯಾರೋ ಹಿರಿಯ ಡಾಕ್ಟರ ಜೊತೆ ತುಂಬಾ ಹೊತ್ತು ಮಾತಾಡಿ ಬಂದರು. ಆ ಗುಂಡಿಗಳಲ್ಲಿ ವಿಷವಿರುತ್ತದೆ, ಕುದಿಸಿದರೂ ಅದು ಕೆಡುವುದಿಲ್ಲ, ಹಬೆಯ ಜೊತೆ ಎದೆಯೊಳಕ್ಕೆ ಹೋಗುತ್ತದೆ ಎಂದರು.

"ಇದಕ್ಕೆ ಅಂತ ಬೇರೆ ಮದ್ದಿಲ್ಲ ಸಾರ್. ಉಸಿರು, ಬಿ.ಪಿ., ಹಾರ್ಟು ನೋಡ್ಕೊಳ್ತಾ ಇರ್ತೀವಿ. ನಿಮ್ಮ ಮಿಸೆಸ್, ಮಗಳು ಪರವಾಗಿಲ್ಲ ಅನ್ಸುತ್ತೆ. ಅಜ್ಜೀನ ಐಸಿಯುಗೆ ತಗೊಂಡು ಹೋಗ್ತೀವಿ." ಆಮೇಲೆ ಕೇಳಿದರು, "ಆ ಪಾತ್ರೆ ಈಗ ಎಲ್ಲಿದೆ?"

ಆಗ ನನಗೆ ಆಪಾ ನೆನಪಾದಳು. ನೋಡ್ಕೋ ಅಂದರೆ ಸುಮ್ಮನೆ ನೋಡುವವಳಲ್ಲ ಆಪಾ. ಒಳಗೆ ಹೋಗುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ನೆಲ ಒರೆಸುತ್ತಾಳೆ. ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೇ ಸಲವೂ ಇಲ್ಲ. ನಮ್ಮ ಅಡುಗೆಮನೆಯ ನೆಲದ ಮೇಲೆ ಅವಳು ಬಿದ್ದಿರುವುದು ನನ್ನ ಕಣ್ಣಿಗೆ ಕಟ್ಟಿತು.

ನಾಲ್ಕನೇ ಸಲಕ್ಕೆ ಎತ್ತಿದಳು. "ನಮಾಜ್ ಮಾಡ್ತಿದ್ದೆ ಕಣೋ. ಅಮ್ಮಿ ಹೆಂಗಿದಾರೆ?"

"ಆಪಾ, ಪಾತ್ರೆ ಮುಟ್ಟಿದ್ಯಾ?"

"ಇಲ್ಲ. ಒಳಗೆ ಕಾಲಿಟ್ಟೆ, ಗಂಟಲು ಹಿಡ್ಕೊಂಡಂಗಾಯ್ತು, ವಾಪಸ್ ಬಂದೆ. ಈಗ ಹೋಗಿ ತೊಳೀತೀನಿ ಬಿಡು."

"ಬೇಡ!" ಎಂದು ನಾನು ಕೂಗಿದ್ದಕ್ಕೆ ವಾರ್ಡಿನವರೆಲ್ಲ ತಿರುಗಿ ನೋಡಿದರು. "ಮನೆ ಬಾಗಿಲ ಹತ್ರಾನೂ ಹೋಗಬೇಡ. ಯಾರನ್ನೂ ಬಿಡಬೇಡ."

ಹೆಂಡತಿ, ಮಗಳು ಮಾರನೇ ದಿನಕ್ಕೆ ಎದ್ದು ಕೂತರು. ಜ್ವರ ಇಳಿದಿತ್ತು, ಕೆಮ್ಮು ಉಳಿದಿತ್ತು. ಅಮ್ಮಿ ಮಾತಾಡಿದ್ದು ಮೂರನೇ ದಿನ. ಐಸಿಯುಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ನಾನು ಹೋದಾಗ ಕಣ್ಣು ತೆರೆದಿದ್ದರು.

"ಮಗು ಹೆಂಗಿದಾಳೆ?"

"ಚೆನ್ನಾಗಿದಾಳೆ ಅಮ್ಮಿ."

"ನಿನ್ನ ಮುಖ ಯಾಕೆ ಹಂಗಿದೆ?"

ಇನ್ನು ಇಟ್ಟುಕೊಳ್ಳಲಾಗಲಿಲ್ಲ. "ಕಲ್ಲು ಕುದಿಸಿದ್ದು ನಾನು ಅಮ್ಮಿ. ಮಗಳು ಬೇಡ ಅಂದಿದ್ಲು."

ಅವರು ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಹೇಳಿದರು. "ಏನು ವಾಸನೆ ಅಂತ ನಿನ್ನ ಹೆಂಡ್ತೀನ ಕೇಳ್ದೆ. ಸಮುದ್ರದ್ದು ಅಂದ್ಲು. ನಾನು ಸಮುದ್ರ ನೋಡೇ ಇಲ್ವಲ್ಲ. ಒಂಚೂರು ಅಡುಗೆಮನೆ ಬಾಗಿಲು ತೆಗಿ, ವಾಸನೆ ಬರಲಿ ಅಂದೆ. ಅವ್ಳು ಮುಚ್ಚಿಟ್ಟಿದ್ಲು. ನಾನೇ ತೆಗೆಸಿದ್ದು."

ಅಮ್ಮಿ ಅರವತ್ತೆಂಟು ವರ್ಷ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ನೆಂಟರ ಮನೆಗಳು ಬಿಟ್ಟರೆ ಎಲ್ಲಿಗೂ ಹೋಗದವರು. ಸಮುದ್ರ ಹೇಗಿರುತ್ತದೆ ಎಂದು ಅವರು ಒಮ್ಮೆಯೂ ನನ್ನನ್ನು ಕೇಳಿರಲಿಲ್ಲ. ಕರೆದುಕೊಂಡು ಹೋಗಬೇಕೆಂದು ನನಗೂ ಹೊಳೆದಿರಲಿಲ್ಲ.

ಅದೇ ಸಂಜೆ ಕಲ್ಲು ಕೊಟ್ಟ ಬೆಂಗಳೂರಿನವರಿಗೆ ಫೋನ್ ಮಾಡಿದೆ. ಜಗಳವಾಡುವ ಶಕ್ತಿ ಇರಲಿಲ್ಲ, ನಡೆದದ್ದು ಹೇಳಿದೆ. "ಇನ್ನೊಂದು ಬಕೆಟ್ ನಿನ್ನೆ ಒಬ್ರಿಗೆ ಕೊಟ್ಟೆ ಸಾರ್" ಎಂದರು ಆತ. "ಅವ್ರ ಮನೇಲಿ ಕೈಕೂಸಿದೆ." ಹತ್ತು ನಿಮಿಷದ ಮೇಲೆ ಅವರೇ ಮಾಡಿದರು. ಕಲ್ಲು ಇನ್ನೂ ಬಾಲ್ಕನಿಯಲ್ಲಿ ಹಾಗೇ ಇದೆಯಂತೆ, ಯಾರೂ ಮುಟ್ಟಿಲ್ಲವಂತೆ. ಅಷ್ಟು ಹೇಳಿ ಆತ ಅತ್ತುಬಿಟ್ಟರು.

ಮನೆ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಬ್ಲೀಚಿಂಗ್ ನೀರು ಆ ವಿಷವನ್ನು ಮುರಿಯುತ್ತದೆ ಎಂದು ಡಾಕ್ಟರು ಓದಿ ಹೇಳಿದ್ದರು. ರಬ್ಬರ್ ಗ್ಲೌಸು, ಎರಡು ಮಾಸ್ಕ್, ಕಣ್ಣಿಗೆ ವೆಲ್ಡಿಂಗ್ ಅಂಗಡಿಯಿಂದ ತಂದ ಕನ್ನಡಕ, ಇಷ್ಟೂ ಹಾಕಿಕೊಂಡು ಹೊಸ್ತಿಲ ಮೇಲೆ ಎಷ್ಟೋ ಹೊತ್ತು ನಿಂತಿದ್ದೆ. ನಾನು ಹುಟ್ಟಿದ ಮನೆಯೊಳಕ್ಕೆ ಹೋಗಲು ನನಗೇ ಹೆದರಿಕೆ. ಕಿಟಕಿಗಳನ್ನು ತೆರೆದೆ. ಕಲ್ಲುಗಳನ್ನು ಪಾತ್ರೆಯ ಸಮೇತ ಬ್ಲೀಚಿಂಗ್ ನೀರಲ್ಲಿ ಮುಳುಗಿಸಿ, ನಾಲ್ಕು ದಿನದ ಮೇಲೆ ಊರಾಚೆ ಗುಂಡಿ ತೋಡಿ ಹೂತೆ. ಗೋಡೆ, ಒಲೆ, ಡಬ್ಬಿ, ಚಮಚ ಎಲ್ಲವನ್ನೂ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅಡುಗೆಮನೆಯಲ್ಲಿದ್ದ ಅಕ್ಕಿ, ಬೇಳೆ ಎಲ್ಲ ಎಸೆದಿದ್ದೆ, ಹೊಸ ಅಕ್ಕಿ ಬರುವವರೆಗೆ ಆಪಾ ಮನೆಯಿಂದಲೇ ಊಟ ಬಂತು.

ಅಮ್ಮಿ ಒಂಬತ್ತು ದಿನದ ಮೇಲೆ ಮನೆಗೆ ಬಂದರು. ಮೆಟ್ಟಿಲು ಹತ್ತುವುದು ಆವತ್ತಿಗೇ ನಿಂತುಹೋಯಿತು. ಮೊದಲು ರಾತ್ರಿ ಮಾತ್ರ ಬೇಕಿದ್ದ ಪಂಪು ಈಗ ದಿನಕ್ಕೆ ನಾಲ್ಕು ಸಲ ಬೇಕು.

ಮಗಳು ತೊಟ್ಟಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಖಾಲಿ ತೊಟ್ಟಿಯ ಮೇಲೆ ಯಾರೋ ಬೆಡ್‌ಶೀಟ್ ಮುಚ್ಚಿದ್ದರು. ಎರಡು ತಿಂಗಳ ಮೇಲೆ ಮಾತೆತ್ತಿದ್ದು ಅಮ್ಮಿ. ಉಪ್ಪಿನ ಚೀಲ ಹಾಗೇ ಬಿದ್ದಿದೆಯಲ್ಲ, ಮಗುವಿಗೆ ಮೀನು ತಂದುಕೊಡು ಎಂದರು. ನಾನು ಆಗುವುದಿಲ್ಲ ಎಂದೆ. ಮಗಳು ಮೂರು ದಿನ ಓದಿ, ಪ್ರತಿಯೊಂದನ್ನೂ ನನಗೆ ಓದಿಸಿ, ಒಣಕಲ್ಲಿನಿಂದಲೇ ಮಾಡಬಹುದು, ಅದರಲ್ಲಿ ಜೀವ ಇರುವುದಿಲ್ಲ, ವಿಷವೂ ಇರುವುದಿಲ್ಲ, ಆದರೆ ನೀರು ಹದಕ್ಕೆ ಬರಲು ಒಂದು ತಿಂಗಳಿಗಿಂತ ಹೆಚ್ಚು ಕಾಯಬೇಕು ಎಂದಳು. ಕಾದೆವು. ನೀರು ಪರೀಕ್ಷೆ ಮಾಡುವಾಗಲೆಲ್ಲ ಅವಳು ಗ್ಲೌಸು ಹಾಕುತ್ತಿದ್ದಳು, ನಾನು ಕಿಟಕಿ ತೆರೆಯುತ್ತಿದ್ದೆ. ಬೇಕಿರಲಿಲ್ಲ, ಆದರೂ.

ಈಗ ಅದರಲ್ಲಿ ಎರಡು ಕ್ಲೌನ್ ಮೀನುಗಳಿವೆ. ಅಮ್ಮಿಯ ಕುರ್ಚಿಯನ್ನು ತೊಟ್ಟಿಯ ಎದುರಿಗೇ ಹಾಕಿದ್ದೇವೆ, ಮಧ್ಯಾಹ್ನವೆಲ್ಲ ನೋಡುತ್ತಾ ಕೂತಿರುತ್ತಾರೆ. ಒಮ್ಮೊಮ್ಮೆ ಹಾಗೇ ನಿದ್ದೆ ಹತ್ತಿ ತಲೆ ಪಕ್ಕಕ್ಕೆ ವಾಲುತ್ತದೆ. ಆಗ ನಾನು ಕೈಲಿದ್ದ ಕೆಲಸ ಬಿಟ್ಟು ಹತ್ತಿರ ಹೋಗಿ, ಎದೆ ಏರಿ ಇಳಿಯುವುದನ್ನು ಎರಡು ಸಲ ನೋಡಿಕೊಂಡು ಬರುತ್ತೇನೆ.